ಕುದುರೆಯ ಊದಿದ ಕೀಲಿಗೆ ಅಲ್ಟ್ರಾಸೌಂಡ್ ಕೊಡುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

"ಹನ್ನೆರಡು ದಿನ ಕೊಟ್ವಿ ಸಾರ್, ಬಾವು ಹಂಗೇ ಐತೆ."

ಲಾಯಗಳಿಗೆ ಹೋದಾಗ ನಾನು ಅತಿ ಹೆಚ್ಚು ಕೇಳುವ ದೂರು ಇದು. ಯಂತ್ರ ಹೊಸದಾಗಿರುತ್ತದೆ. ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಒಂದು ದಿನವೂ ತಪ್ಪಿಸದೆ ಹತ್ತು ಹತ್ತು ನಿಮಿಷ ಉಜ್ಜಿರುತ್ತಾನೆ, ಜೆಲ್ ಡಬ್ಬಿ ಖಾಲಿಯಾಗಿರುತ್ತದೆ. ಕಾಲಿನ ಹತ್ತಿರ ಕೂತು ನೋಡಿದರೆ ಕೀಲಿನ ಮೇಲೆ ಕೂದಲು ಹಾಗೇ ಇದೆ, ಜೆಲ್ ಒಣಗಿ ಹೊಟ್ಟಿನ ಹಾಗೆ ಅಂಟಿದೆ. ಅಂದರೆ ಹನ್ನೆರಡು ದಿನವೂ ಯಂತ್ರದಿಂದ ಹೊರಡುವ, ಕಿವಿಗೆ ಕೇಳಿಸದ ಶಬ್ದ ಚರ್ಮ ದಾಟಿ ಒಳಗೆ ಹೋಗಿಲ್ಲ. ಇಲ್ಲವೇ ಹೋಗಬಾರದ ಕೀಲಿಗೆ ಹೋಗಿದೆ, ಅದು ಇನ್ನೂ ಕೆಟ್ಟದ್ದು. ಸೋಲು ಹೆಚ್ಚಾಗಿ ಈ ಎರಡರಲ್ಲೇ ಆಗುವುದರಿಂದ ಈ ಬರಹದ ಮುಕ್ಕಾಲು ಪಾಲು ಯಂತ್ರದ ಬಟನ್ ಒತ್ತುವ ಮೊದಲಿನ ಕೆಲಸದ ಬಗ್ಗೆಯೇ ಇದೆ.

ಗರ್ಭ ನೋಡುವ, ಸ್ನಾಯುರಜ್ಜು ಹರಿದಿದೆಯೇ ಎಂದು ನೋಡುವ ಸ್ಕ್ಯಾನಿಂಗ್ ಯಂತ್ರದ ವಿಷಯ ಇದಲ್ಲ. ಫಿಸಿಯೋಥೆರಪಿ ಕೇಂದ್ರಗಳಲ್ಲಿ ಮನುಷ್ಯರ ಭುಜಕ್ಕೆ, ಹಿಮ್ಮಡಿಗೆ ಕೊಡುವ ಚಿಕಿತ್ಸೆಯ ಅಲ್ಟ್ರಾಸೌಂಡ್ ಇದು. ಉದಾಹರಣೆಗೆ ಒಂದೇ ಕೀಲು ಹಿಡಿಯುತ್ತೇನೆ: ಮುಂಗಾಲಿನ ಫೆಟ್‌ಲಾಕ್, ಅಂದರೆ ಗೊರಸಿನ ಸ್ವಲ್ಪ ಮೇಲಿರುವ ಗಂಟು ಕೀಲು. ರೇಸ್ ಕುದುರೆಗೂ ಟಾರು ರಸ್ತೆಯಲ್ಲಿ ಓಡುವ ಮೈಸೂರಿನ ಟಾಂಗಾ ಕುದುರೆಗೂ ಬೇಗ ನೋಯುವುದು ಇದೇ. ಇದು ಕೈಗೆ ಬಂದರೆ ಉಳಿದ ಕೀಲುಗಳು ಕಷ್ಟವಲ್ಲ.

ಹಂತ 1: ಬಾವು ಯಾವುದರದು ಎಂದು ತಿಳಿಯಿರಿ

ಫೆಟ್‌ಲಾಕ್ ಹತ್ತಿರ ಊದಿದ್ದೆಲ್ಲ ಕೀಲಿನ ಉರಿಯೂತವಲ್ಲ. ಕೈಯಿಂದಲೇ ಒಂದು ಮಟ್ಟಿಗೆ ಬೇರ್ಪಡಿಸಬಹುದು. ಕುದುರೆ ನಾಲ್ಕೂ ಕಾಲಿನ ಮೇಲೆ ಭಾರ ಹಾಕಿ ನಿಂತಿರುವಾಗ ಗಂಟಿನ ಸ್ವಲ್ಪ ಮೇಲೆ, ಪಕ್ಕದಲ್ಲಿ ಬೆರಳಿಡಿ. ಮುಂದೆ ನಳಿಗೆ ಮೂಳೆ ಸಿಗುತ್ತದೆ. ಅದರ ಹಿಂದೆ ಹಗ್ಗದ ಹಾಗೆ ಗಟ್ಟಿಯಾಗಿ ಸಸ್ಪೆನ್ಸರಿ ಲಿಗಮೆಂಟಿನ ಕವಲು, ಅದಕ್ಕೂ ಹಿಂದೆ ದಪ್ಪ ಸ್ನಾಯುರಜ್ಜುಗಳು. ಮೂಳೆಗೂ ಆ ಹಗ್ಗಕ್ಕೂ ನಡುವೆ ಮೆತ್ತಗೆ ಉಬ್ಬಿದ್ದರೆ ನೀರು ತುಂಬಿರುವುದು ಕೀಲಿನ ಚೀಲದಲ್ಲಿ. ಹಗ್ಗಕ್ಕೂ ಹಿಂದಿನ ರಜ್ಜುಗಳಿಗೂ ನಡುವೆ ಉಬ್ಬಿದ್ದರೆ ಅದು ರಜ್ಜುವಿನ ಕವಚದ ಬಾವು. ಕೀಲಿಗೆಂದು ಕೊಡುವ ಚಿಕಿತ್ಸೆ ಅದಕ್ಕೆ ಹೊಂದುವುದಿಲ್ಲ.

ಇದರ ಮುಂದಿನದು ಪಶುವೈದ್ಯರ ಕೆಲಸ. ಮೂಳೆಯಲ್ಲಿ ಬಿರುಕು ಅಥವಾ ಚೂರು ಇದೆಯೇ ಎಂಬುದಕ್ಕೆ ಎಕ್ಸ್‌ರೇ, ಅಗತ್ಯವಿದ್ದರೆ ಕೀಲುರಸದ ಪರೀಕ್ಷೆ. ಆರೋಗ್ಯವಾದ ಕೀಲುರಸ ತಿಳಿ ಹಳದಿ, ಎರಡು ಬೆರಳ ನಡುವೆ ಎಳೆದರೆ ನೂಲಿನ ಹಾಗೆ ಬರುತ್ತದೆ. ಮಬ್ಬಾಗಿ ನೀರಿನಂತೆ ತೊಟ್ಟಿಕ್ಕಿದರೆ ಸೋಂಕಿರಬಹುದು, ಯಂತ್ರವನ್ನು ಪೆಟ್ಟಿಗೆಗೆ ಹಾಕಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ರೋಗ ನಿರ್ಣಯಿಸಿ ಚಿಕಿತ್ಸೆ ಬರೆಯುವ ಅಧಿಕಾರ ನೋಂದಾಯಿತ ವೈದ್ಯರದು. ಯಂತ್ರ ಹಿಡಿಯುವ ಕೈ ಸೈಸ್‌ನದಾಗಬಹುದು, ಡೋಸ್ ಬರೆಯುವ ಕೈ ವೈದ್ಯರದೇ ಆಗಬೇಕು.

ಹಂತ 2: ಕೊಡಲೇಬಾರದ ಕೀಲುಗಳನ್ನು ಮೊದಲು ಬಿಡಿ

ಇದನ್ನು ಓದದೆ ಹಂತ 3ಕ್ಕೆ ಹಾರುವವರು ಇದ್ದಾರೆ. ದಯವಿಟ್ಟು ಹಾರಬೇಡಿ.

ಕೀವಿನ ಕೀಲು: ಕುದುರೆ ಆ ಕಾಲನ್ನು ನೆಲಕ್ಕೆ ಊರುತ್ತಲೇ ಇಲ್ಲ, ಕೀಲು ಸುಡುತ್ತಿದೆ, ಹತ್ತಿರದಲ್ಲಿ ಸಣ್ಣ ಗಾಯವಿದೆ ಅಥವಾ ಕೆಲವು ದಿನಗಳ ಹಿಂದೆ ಕೀಲಿಗೆ ಇಂಜೆಕ್ಷನ್ ಆಗಿದೆ ಎಂದರೆ ಸೋಂಕು ಎಂದೇ ಹಿಡಿಯಿರಿ, ಅಲ್ಲ ಎಂದು ವೈದ್ಯರು ಹೇಳುವವರೆಗೆ. ಜ್ವರವೂ ಬರಬಹುದು. ದೊಡ್ಡ ಕುದುರೆಯ ಸಹಜ ಮೈಬಿಸಿ ಸುಮಾರು 37.2ರಿಂದ 38.3 ಡಿಗ್ರಿ ಸೆಲ್ಸಿಯಸ್. ಆದರೆ ಜ್ವರ ಇಲ್ಲವೆಂದು ಸಮಾಧಾನಪಡಬೇಡಿ, ಕೀಲಿನಲ್ಲಿ ಸೋಂಕಿದ್ದೂ ಜ್ವರವಿಲ್ಲದ ದೊಡ್ಡ ಕುದುರೆಗಳು ಬೇಕಾದಷ್ಟು. ಇಲ್ಲಿ ಲೆಕ್ಕ ದಿನಗಳದಲ್ಲ, ಗಂಟೆಗಳದು. ಕೀಲು ತೊಳೆಯುವುದು ತಡವಾದಷ್ಟೂ ಮೃದ್ವಸ್ಥಿ ಕರಗುತ್ತದೆ. ಒಂದು ಲಾಯದಲ್ಲಿ ಬೇಲಿ ತಂತಿ ಚುಚ್ಚಿದ ಕಾಲಿಗೆ ಎರಡು ದಿನ ಬಿಸಿ ಬರುವ ಹಾಗೆ ಅಲ್ಟ್ರಾಸೌಂಡ್ ಕೊಟ್ಟು ಮೂರನೆಯ ದಿನ ನನ್ನನ್ನು ಕರೆದರು. ಗಾಯ ಹೆಸರುಕಾಳಿನಷ್ಟಿತ್ತು, ಕೂದಲ ಕೆಳಗೆ ಯಾರಿಗೂ ಕಂಡಿರಲಿಲ್ಲ. ಆ ಕುದುರೆ ಬದುಕಿತು, ಮತ್ತೆ ಓಡಲಿಲ್ಲ.

ಮರಿಗಳ ಬೆಳವಣಿಗೆಯ ಭಾಗ: ಉದ್ದ ಮೂಳೆಗಳ ತುದಿಯಲ್ಲಿ ಬೆಳವಣಿಗೆ ನಡೆಯುವ ಪಟ್ಟಿ ಮುಚ್ಚುವ ಮೊದಲು ಅಲ್ಲಿಗೆ ಕೊಡುವಂತಿಲ್ಲ. ಫೆಟ್‌ಲಾಕಿನ ಮೇಲಿನ ಪಟ್ಟಿ ಮೊದಲ ವರ್ಷದೊಳಗೇ ಮುಚ್ಚುತ್ತದೆ. ಮುಂಗಾಲಿನ ಮಂಡಿಯ ಮೇಲಿನದು ಮುಚ್ಚಲು ಎರಡು, ಎರಡೂವರೆ ವರ್ಷ ಹಿಡಿಯುತ್ತದೆ. ತರಬೇತಿಗೆ ಬಂದ ಎರಡು ವರ್ಷದ ಕುದುರೆ ನೋಡಲು ಬೆಳೆದು ನಿಂತಂತೆ ಕಂಡರೂ ಮಂಡಿಯ ವಿಷಯದಲ್ಲಿ ಅದಿನ್ನೂ ಮರಿ. ಕುಣಿಗಲ್ ಕಡೆಯ ಫಾರಂಗಳಿಂದ ಮರಿ ತಂದವರು ಇದನ್ನು ಮರೆಯಬಾರದು.

ನೋವು ತಿಳಿಯದ ಕಾಲು: ಕುಂಟು ಎಲ್ಲಿಂದ ಎಂದು ಹುಡುಕಲು ವೈದ್ಯರು ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನ ಬೇಡ. ಮಂಪರಿನ ಇಂಜೆಕ್ಷನ್ ಕೊಟ್ಟು ನಿಲ್ಲಿಸಿದ ಕುದುರೆಗೂ ಬೇಡ. ಡೋಸ್ ಹೆಚ್ಚಾಯಿತು ಎಂದು ಹೇಳಲು ಕುದುರೆಗೆ ಇರುವುದು ನೋವೊಂದೇ, ಅದನ್ನೇ ಕಟ್ಟಿಹಾಕಿ ಕೆಲಸ ಮಾಡಬಾರದು. ಫಿನೈಲ್‌ಬ್ಯುಟಜೋನ್, ಲಾಯದ ಭಾಷೆಯಲ್ಲಿ 'ಬ್ಯೂಟ್', ತಿನ್ನುತ್ತಿರುವ ಕುದುರೆಗೆ ಕೊಡಬಾರದೆಂದೇನಿಲ್ಲ. ಆದರೆ ಅದರ ಎಚ್ಚರಿಕೆಯ ಗಂಟೆ ಮೆಲ್ಲಗೆ ಬಾರಿಸುತ್ತಿದೆ ಎಂದು ತಿಳಿದು ಕಡಿಮೆ ಡೋಸಿನಲ್ಲೇ ಇರಿ.

ಇವುಗಳ ಜೊತೆಗೆ ಮೂಳೆ ಮುರಿದ ಅನುಮಾನ, ಗಡ್ಡೆ, ರಕ್ತ ಒಸರುತ್ತಿರುವ ಜಾಗ, ಗಬ್ಬದ ಕುದುರೆಯ ಹೊಟ್ಟೆ, ಕಣ್ಣು, ಇತ್ತೀಚೆಗೆ ಇಂಜೆಕ್ಷನ್ ಆದ ಕೀಲು. ಇಷ್ಟೂ ಬೇಡ.

ಹಂತ 3: ಮೊದಲ ದಿನವೇ ಅಳತೆ ಬರೆದಿಡಿ

"ಸ್ವಲ್ಪ ಇಳಿದಂಗೈತೆ" ಎಂಬುದು ಅಳತೆಯಲ್ಲ. ಟೈಲರ್ ಅಂಗಡಿಯ ಬಟ್ಟೆ ಟೇಪ್ ಸಾಕು. ಗಂಟಿನ ಅತಿ ದಪ್ಪ ಜಾಗದಲ್ಲಿ ಸುತ್ತಿ ಬರೆಯಿರಿ, ಎದುರು ಕಾಲಿನದೂ ಬರೆಯಿರಿ. ಬೆಳಿಗ್ಗೆ, ಕೆಲಸಕ್ಕೆ ತೆಗೆಯುವ ಮೊದಲು, ಪ್ರತಿ ಸಲ ಅದೇ ಹೊತ್ತಿಗೆ. ರಾತ್ರಿಯಿಡೀ ನಿಂತ ಕುದುರೆಯ ಕಾಲಿಗೂ ಅರ್ಧ ಗಂಟೆ ನಡೆದ ಕಾಲಿಗೂ ಬಾವಿನಲ್ಲಿ ವ್ಯತ್ಯಾಸವಿರುತ್ತದೆ.

ನಂತರ ಗಟ್ಟಿ ನೆಲದ ಮೇಲೆ ನೇರವಾಗಿ ಟ್ರಾಟ್, ಅಂದರೆ ನಡಿಗೆಗೂ ಜೋರು ಓಟಕ್ಕೂ ನಡುವಿನ ಓಟ, ಓಡಿಸಿ ಫೋನಿನಲ್ಲಿ ವಿಡಿಯೋ ತೆಗೆಯಿರಿ. ಮುಂಗಾಲು ನೋವಿದ್ದರೆ ನೋವಿನ ಕಾಲು ನೆಲ ಮುಟ್ಟಿದಾಗ ತಲೆ ಮೇಲೆ ಹೋಗುತ್ತದೆ, ಒಳ್ಳೆ ಕಾಲು ಊರಿದಾಗ ತಲೆ ಕೆಳಗೆ ಬರುತ್ತದೆ. ಹಿಡಿದು ಓಡುವವನು ಹಗ್ಗವನ್ನು ಸಡಿಲ ಬಿಡಬೇಕು, ಬಿಗಿ ಹಿಡಿದರೆ ತಲೆಯ ಆಟವೇ ಕಾಣದು. ವೈದ್ಯರು ಕುಂಟನ್ನು 0ರಿಂದ 5ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ, ಆ ಅಂಕವನ್ನೂ ಅದೇ ಪುಟದಲ್ಲಿ ಬರೆಸಿಕೊಳ್ಳಿ.

ಹಂತ 4: ಸಾಮಾನು ಹೊಂದಿಸಿ, ಯಂತ್ರ ಪರೀಕ್ಷಿಸಿ

ಬೇಕಾದವು: 1 ಮತ್ತು 3 ಮೆಗಾಹರ್ಟ್ಸ್ ಎರಡೂ ಬರುವ ಯಂತ್ರ (ಕೆಲವದರಲ್ಲಿ 3.3 ಎಂದಿರುತ್ತದೆ), ನೀರು ಆಧಾರಿತ ಜೆಲ್, ಕೂದಲು ಕತ್ತರಿಸುವ ಕ್ಲಿಪ್ಪರ್, ಸೋಪು, ಹತ್ತಿ ಬಟ್ಟೆ, ಗಡಿಯಾರ, ಪುಸ್ತಕ. ಜೆಲ್ ಬದಲು ವ್ಯಾಸಲೀನ್, ಕೊಬ್ಬರಿ ಎಣ್ಣೆ, ನೋವಿನ ಮುಲಾಮು ಹಚ್ಚುವವರನ್ನು ಕಂಡಿದ್ದೇನೆ. ಸ್ಕ್ಯಾನಿಂಗ್ ಸೆಂಟರಿನವರು ಬಳಸುವ ಅಗ್ಗದ ಜೆಲ್ಲೇ ಸಾಕಾಗುವಾಗ ಈ ಸಾಹಸ ಯಾಕೆ?

ಯಂತ್ರದ ಹೆಡ್, ಅಂದರೆ ಚರ್ಮದ ಮೇಲೆ ಓಡಿಸುವ ಭಾಗ, ಅದರ ಮೇಲೆ ಅಥವಾ ಕೈಪಿಡಿಯಲ್ಲಿ ಎರಡು ಸಂಖ್ಯೆ ಹುಡುಕಿ. ಒಂದು, ಶಬ್ದ ನಿಜವಾಗಿ ಹೊರಬರುವ ವಿಸ್ತೀರ್ಣ, ಇ.ಆರ್.ಎ. ಹೆಡ್ 5 ಚದರ ಸೆಂ.ಮೀ. ಇದ್ದರೂ ಇ.ಆರ್.ಎ. 4 ಮಾತ್ರ ಇರಬಹುದು. ಲೆಕ್ಕಕ್ಕೆ ಬರುವುದು ಇ.ಆರ್.ಎ. ಮಾತ್ರ. ಇನ್ನೊಂದು ಬಿ.ಎನ್.ಆರ್., ಶಬ್ದ ಎಷ್ಟು ಸಮನಾಗಿ ಹರಡಿದೆ ಎಂಬ ಅನುಪಾತ. ಅದು 6 ಎಂದಿದ್ದರೆ ನೀವು 0.5 ವಾಟ್ ಇಟ್ಟಾಗ ಹೆಡ್ಡಿನ ಯಾವುದೋ ಒಂದು ಚುಕ್ಕೆಯಲ್ಲಿ 3 ವಾಟ್ ಬರುತ್ತಿರಬಹುದು. ಹೆಡ್ಡನ್ನು ಒಂದೇ ಕಡೆ ಒತ್ತಿ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

ಪರೀಕ್ಷೆ ಸುಲಭ. ಹೆಡ್ಡಿನ ಸುತ್ತ ಅಂಟು ಟೇಪು ಸುತ್ತಿ ಮುಖವನ್ನು ಮೇಲೆ ಮಾಡಿ, ಪುಟ್ಟ ಬಟ್ಟಲಿನ ಹಾಗೆ. ಅದರೊಳಗೆ ಒಂದೆರಡು ಚಮಚ ನೀರು ಹಾಕಿ, ಡೋಸ್ ಮೆಲ್ಲಗೆ ಏರಿಸಿ. ನೀರಿನ ಮುಖ ಮೊದಲು ನಡುಗುತ್ತದೆ, ಆಮೇಲೆ ನಡುವೆ ಉಬ್ಬಿ ಕಾದ ಹೆಂಚಿನ ಮೇಲೆ ಚಿಮುಕಿಸಿದ ಹಾಗೆ ಕುಣಿಯುತ್ತದೆ. ಕುಣಿಯದಿದ್ದರೆ ಪರದೆಯ ಮೇಲೆ ಏನೇ ತೋರಿಸಲಿ, ಹೆಡ್ ಸತ್ತಿದೆ. ಕೆಲವೇ ಸೆಕೆಂಡು ಸಾಕು, ಮೊದಲು ಡೋಸ್ ಸೊನ್ನೆಗಿಳಿಸಿ ಆಮೇಲೆ ನೀರು ಚೆಲ್ಲಿ. ಗಾಳಿಯಲ್ಲಿ ಉರಿಯಲು ಬಿಟ್ಟರೆ ಒಳಗಿನ ಹರಳು ಕಾದು ಹಾಳಾಗುತ್ತದೆ. ಈ ಪರೀಕ್ಷೆ ಹೇಳುವುದು ಶಬ್ದ ಬರುತ್ತಿದೆಯೇ ಎಂದಷ್ಟೇ. ಎಷ್ಟು ಬರುತ್ತಿದೆ ಎಂದು ತಿಳಿಯಲು ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ ಮಾಡಿಸಲೇಬೇಕು.

ಹಂತ 5: ಜಾಗ ಮತ್ತು ಕರೆಂಟು

ಕುದುರೆಗೆ ಕರೆಂಟು ಮನುಷ್ಯರಿಗಿಂತ ಬೇಗ ತಾಗುತ್ತದೆ. ನಾಲ್ಕು ಕಾಲಿಗೂ ಕಬ್ಬಿಣದ ಲಾಳ, ಕೆಳಗೆ ತೊಳೆದ ಒದ್ದೆ ನೆಲ, ಜೊತೆಗೆ 230 ವೋಲ್ಟಿನ ಯಂತ್ರ. ಬ್ಯಾಟರಿ ಯಂತ್ರ ಸಿಕ್ಕರೆ ಅದನ್ನೇ ಬಳಸಿ. ಇಲ್ಲದಿದ್ದರೆ 30 ಮಿಲಿಆಂಪ್‌ನ ಇ.ಎಲ್.ಸಿ.ಬಿ. (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಸಾಲಿನಿಂದ ಮಾತ್ರ ಕರೆಂಟು ತೆಗೆಯಿರಿ, ನೆಲ ಒಣಗಿರಲಿ, ರಬ್ಬರ್ ಮ್ಯಾಟ್ ಹಾಸಿ. ವೈರು ಕುದುರೆಯ ಹೊಟ್ಟೆಯ ಕೆಳಗೆ, ಕಾಲಿನ ನಡುವೆ ಹಾಯಬಾರದು.

ತಲೆ ಹಿಡಿಯಲು ಒಬ್ಬರು ಇರಲೇಬೇಕು, ಯಂತ್ರ ಹಿಡಿದವರು ಇರುವ ಬದಿಯಲ್ಲೇ ನಿಲ್ಲಬೇಕು. ಗೋಡೆಗೆ ಬಿಗಿಯಾಗಿ ಕಟ್ಟಿಹಾಕಬೇಡಿ. ಕಾಲಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂರಿ, ಮಂಡಿ ಊರಬೇಡಿ, ಸ್ಟೂಲಿನ ಮೇಲೂ ಬೇಡ. ಕುದುರೆ ಜಿಗಿದರೆ ಎದ್ದು ಸರಿಯಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಮೊದಲ ದಿನ ಯಂತ್ರದ 'ಬೀಪ್' ಕೇಳಿಸಿ, ಡೋಸ್ ಸೊನ್ನೆಯಲ್ಲಿಟ್ಟು ತಣ್ಣಗಿನ ಹೆಡ್ಡನ್ನು ಕಾಲಿನ ಮೇಲೆ ಓಡಿಸಿ, ಅಷ್ಟಕ್ಕೇ ಬಿಡಿ. ಅವತ್ತು ಚಿಕಿತ್ಸೆ ಆಗಲಿಲ್ಲ ಎಂದು ಬೇಸರಪಡುವವರು ಎರಡನೆಯ ದಿನ ಕುದುರೆ ಎಷ್ಟು ಸುಮ್ಮನೆ ನಿಲ್ಲುತ್ತದೆ ನೋಡಿ.

ಹಂತ 6: ಕೂದಲು ತೆಗೆಯಿರಿ, ಚರ್ಮ ತೊಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಗಾಳಿಯ ಮೂಲಕ ಈ ಶಬ್ದ ಹಾಯುವುದಿಲ್ಲ, ಗಾಳಿ ಸಿಕ್ಕಲ್ಲಿ ಹಿಂದಕ್ಕೆ ಪುಟಿಯುತ್ತದೆ. ಕುದುರೆಯ ಕೂದಲು ಗಾಳಿ ಹಿಡಿದಿಡುವ ಹಾಸಿಗೆ. ಅದರ ಮೇಲೆ ಎಷ್ಟೇ ಜೆಲ್ ಸುರಿದರೂ ಬುಡದಲ್ಲಿ ಗಾಳಿ ಉಳಿಯುತ್ತದೆ. ಶಬ್ದ ಕೂದಲಲ್ಲೇ ಹೀರಿಕೊಂಡು ಬಿಸಿಯಾಗಿ ಚರ್ಮದ ಮೇಲ್ಪದರ ಸುಡಬಹುದು, ಕೀಲಿಗೆ ಮಾತ್ರ ಏನೂ ತಲುಪದು. ಬೆಂಗಳೂರಿನ ಬೇಸಿಗೆಯಲ್ಲಿ ಕುದುರೆಯ ಮೈಕೂದಲು ತೆಳ್ಳಗಾಗುತ್ತದೆ ನಿಜ. ತೆಳ್ಳಗಾದರೂ ಅದು ಕೂದಲೇ.

ಕ್ಲಿಪ್ಪರಿನಲ್ಲಿ 40ನೇ ನಂಬರಿನ ಬ್ಲೇಡ್ ಹಾಕಿ, ಚಿಕಿತ್ಸೆ ಕೊಡುವ ಜಾಗಕ್ಕಿಂತ ಒಂದು ಬೆರಳು ಅಗಲ ಹೆಚ್ಚಾಗಿ ಕತ್ತರಿಸಿ. ರೇಜರ್ ಬೇಡ, ಗೀರು ಬಿದ್ದರೆ ಜೆಲ್ ಉರಿಯುತ್ತದೆ, ಸೋಂಕಿಗೂ ದಾರಿ. "ಮುಂದಿನ ವಾರ ಶೋ ಇದೆ ಡಾಕ್ಟ್ರೇ, ಕೂದಲು ಹೋದರೆ ಚೆನ್ನಾಗಿ ಕಾಣಲ್ಲ" ಎಂದರೆ ನಾನು ಹೇಳುವುದಿಷ್ಟೇ: ಹಾಗಾದರೆ ಅಲ್ಟ್ರಾಸೌಂಡ್ ಬೇಡ, ತಣ್ಣೀರು ಹಾಕಿ. ಕೂದಲು ಕೆಲವು ವಾರಗಳಲ್ಲಿ ಬೆಳೆಯುತ್ತದೆ.

ಆಮೇಲೆ ಸೋಪು ಹಾಕಿ ತೊಳೆದು ಒರೆಸಿ. ಇದು ಬರೀ ಮಣ್ಣಿಗಾಗಿ ಅಲ್ಲ. ಲಾಯದಲ್ಲಿ ಯಾರಾದರೂ ಹಿಂದಿನ ರಾತ್ರಿ ಟರ್ಪೆಂಟೈನ್ ಎಣ್ಣೆಯನ್ನೋ ಕೆಂಪು 'ಬ್ಲಿಸ್ಟರ್' ಮುಲಾಮನ್ನೋ ಹಚ್ಚಿರಬಹುದು. ಅಲ್ಟ್ರಾಸೌಂಡ್ ಅದನ್ನು ಚರ್ಮದೊಳಗೆ ನೂಕುತ್ತದೆ. ಬೆಳಗಾಗುವಷ್ಟರಲ್ಲಿ ಬೊಬ್ಬೆ. ಹಚ್ಚಿದ್ದೀರಾ ಎಂದು ಮಾಲೀಕರನ್ನಲ್ಲ, ಸೈಸ್‌ನನ್ನು ಒಬ್ಬನೇ ಇರುವಾಗ ಕೇಳಿ. ಹಚ್ಚಿದ್ದರೆ ತೊಳೆದು, ಚರ್ಮ ಪೂರ್ತಿ ಸರಿಹೋಗುವವರೆಗೆ ಕಾಯಿರಿ.

ಹಂತ 7: ಡೋಸ್ ಲೆಕ್ಕ ಹಾಕಿ

ನಾಲ್ಕು ಪ್ರಶ್ನೆ, ಇದೇ ಕ್ರಮದಲ್ಲಿ.

*ಎಷ್ಟು ಆಳ?* ಫೆಟ್‌ಲಾಕ್, ಮುಂಗಾಲಿನ ಮಂಡಿ, ಹಿಂಗಾಲಿನ ಹಾಕ್ ಕೀಲುಗಳ ಮೇಲೆ ಮಾಂಸವೇ ಇಲ್ಲ. ಅಲ್ಲಿಗೆ 3 ಮೆಗಾಹರ್ಟ್ಸ್. ಹಿಂಗಾಲಿನ ತೊಡೆಯ ಕೆಳತುದಿಯ ಸ್ಟೈಫಲ್, ಭುಜದಂಥ ಆಳದ ಕೀಲಿಗೆ 1 ಮೆಗಾಹರ್ಟ್ಸ್. ಸರಾಸರಿ ಲೆಕ್ಕದಲ್ಲಿ 3 ಮೆಗಾಹರ್ಟ್ಸ್ ಶಬ್ದ 2 ಸೆಂ.ಮೀ. ಆಳಕ್ಕೆ ಅರ್ಧವಾಗುತ್ತದೆ, 1 ಮೆಗಾಹರ್ಟ್ಸ್ 4 ಸೆಂ.ಮೀ.ಗೆ. ಹೆಚ್ಚು ಸಂಖ್ಯೆ ಎಂದರೆ ಹೆಚ್ಚು ಆಳ ಎಂದುಕೊಂಡವರು ತುಂಬ ಜನ, ಇರುವುದು ಉಲ್ಟಾ. ಗೊರಸಿನೊಳಗಿನ ಕಾಫಿನ್ ಕೀಲಿಗೆ ಗೊರಸಿನ ಗೋಡೆಯ ಮೂಲಕ ಕೊಡುವ ಪ್ರಯತ್ನವನ್ನು ಕೈಬಿಡಿ.

*ಎಷ್ಟು ಹಳೆಯದು?* ಪೆಟ್ಟಾದ ಮೊದಲ ಎರಡು ಮೂರು ದಿನ ತಣ್ಣೀರು, ಐಸು, ವಿಶ್ರಾಂತಿಯೇ ಮುಖ್ಯ. ವೈದ್ಯರು ಹೇಳಿದರೆ ಬಿಸಿ ಬಾರದ ಪಲ್ಸ್ ವಿಧಾನ ಮಾತ್ರ. ಅಂದರೆ ಶಬ್ದ ಒಂದು ಪಾಲು, ಬಿಡುವು ನಾಲ್ಕು ಪಾಲು, ಯಂತ್ರದಲ್ಲಿ '1:4' ಅಥವಾ '20%' ಎಂದಿರುತ್ತದೆ. ಬಿಸಿ ಇಳಿದು ಬಾವು ಉಳಿದಿರುವ ಹಂತಕ್ಕೆ 1:2. ತಿಂಗಳುಗಟ್ಟಲೆ ಹಳೆಯದಾಗಿ ಚೀಲ ದಪ್ಪಗಟ್ಟಿದ ಕೀಲಿಗೆ 1:1. ಸುಡುತ್ತಿರುವ ಕೀಲಿಗೆ ಬಿಡುವಿಲ್ಲದ ವಿಧಾನ ಇಡುವುದು ಉರಿವ ಒಲೆಗೆ ಸೀಮೆಎಣ್ಣೆ ಹೊಯ್ದ ಹಾಗೆ.

*ಎಷ್ಟು ವಾಟ್?* ಒಳಗಿನ ಜಾಗಕ್ಕೆ ತಲುಪಬೇಕಾದದ್ದು ಹೊಸ ಬಾವಿಗೆ ಚದರ ಸೆಂ.ಮೀ.ಗೆ 0.1ರಿಂದ 0.3 ವಾಟ್, ನಡುವಿನದಕ್ಕೆ 0.2ರಿಂದ 0.5, ಹಳೆಯದಕ್ಕೆ 0.3ರಿಂದ 0.8. ಫೆಟ್‌ಲಾಕ್ ಚರ್ಮದ ಕೆಳಗೇ ಇರುವುದರಿಂದ ಮೇಲೆ ಸ್ವಲ್ಪವೇ ಸೇರಿಸಿದರೆ ಸಾಕು. ಸ್ಟೈಫಲ್‌ನಲ್ಲಿ 4 ಸೆಂ.ಮೀ. ಆಳಕ್ಕೆ 1 ಮೆಗಾಹರ್ಟ್ಸ್ ಬಳಸಿ 0.4 ತಲುಪಿಸಬೇಕಾದರೆ ಯಂತ್ರದಲ್ಲಿ 0.8 ಇಡಬೇಕು. ಎಲ್ಲ ಕಡೆಗೂ ಒಂದೇ ಡೋಸ್ ಇಡುವವರು ಒಂದು ಮಾತು ನೆನಪಿಡಿ. 3.3 ಮೆಗಾಹರ್ಟ್ಸ್‌ನಲ್ಲಿ, ಬಿಡುವಿಲ್ಲದೆ, 1 ವಾಟ್‌ನಂತೆ 10 ನಿಮಿಷ ಕೊಟ್ಟಾಗ ಕುದುರೆಯ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜು ಸುಮಾರು 3.5 ಡಿಗ್ರಿ ಬಿಸಿಯಾಗುತ್ತದೆ. ಬೆನ್ನಿನ ಮಾಂಸಕ್ಕೆ 1.5 ವಾಟ್‌ನಂತೆ 20 ನಿಮಿಷ ಕೊಟ್ಟರೂ 1 ಸೆಂ.ಮೀ. ಆಳದಲ್ಲಿ ಒಂದು ಡಿಗ್ರಿ ಚಿಲ್ಲರೆ ಏರಿದರೆ ಹೆಚ್ಚು. ಬೆನ್ನಿಗೆ ಏನೂ ಆಗದ ಡೋಸ್ ಕಾಲನ್ನು ಸುಡಬಲ್ಲದು. ಕೀಲಿನ ಸುತ್ತ ಮೂಳೆ ಹತ್ತಿರವಿದ್ದು ಅಲ್ಲಿಂದ ಶಬ್ದ ಹಿಂದಕ್ಕೆ ಪುಟಿಯುವುದರಿಂದ ಬಿಡುವಿಲ್ಲದ ವಿಧಾನವನ್ನು ಫೆಟ್‌ಲಾಕಿಗೆ ನಾನಂತೂ ಬಳಸುವುದಿಲ್ಲ.

*ಎಷ್ಟು ಹೊತ್ತು?* ಫಿಸಿಯೋಥೆರಪಿಯ ಸುಲಭ ಸೂತ್ರ: ಒಂದು ನಿಮಿಷ × ಚಿಕಿತ್ಸೆಯ ಜಾಗದಲ್ಲಿ ಎಷ್ಟು ಹೆಡ್ ಹಿಡಿಯುತ್ತದೆ × ಪಲ್ಸ್ ಅನುಪಾತದ ಎರಡು ಅಂಕಿಗಳ ಮೊತ್ತ. ಇ.ಆರ್.ಎ. 4 ಇರುವ ಹೆಡ್‌ನಿಂದ 8 ಚದರ ಸೆಂ.ಮೀ. ಜಾಗಕ್ಕೆ ಕೊಡಬೇಕು ಎನ್ನಿ, ಅಂದರೆ ಎರಡು ಹೆಡ್ ಜಾಗ. 1:4 ಆದರೆ 1 × 2 × 5, ಹತ್ತು ನಿಮಿಷ. 1:2 ಆದರೆ 1 × 2 × 3, ಆರು ನಿಮಿಷ. 1:1 ಆದರೆ ನಾಲ್ಕು ನಿಮಿಷ. ಇಡೀ ಗಂಟನ್ನು ಸುತ್ತಿ ಹತ್ತು ನಿಮಿಷ ಉಜ್ಜುವುದು ಒಂದು ಲೋಟ ಮಜ್ಜಿಗೆಗೆ ಹತ್ತು ಚೊಂಬು ನೀರು ಬೆರೆಸಿದಂತೆ. ಗಂಟಿನ ಎರಡೂ ಪಕ್ಕ ಕೊಡಬೇಕಿದ್ದರೆ ಎರಡು ಜಾಗವೆಂದು ಬೇರೆ ಬೇರೆ ಕೊಡಿ.

ಹಂತ 8: ಕೈ ಓಡಿಸುವ ರೀತಿ

ಜೆಲ್ ಧಾರಾಳವಾಗಿ ಹಚ್ಚಿ, ಹೆಡ್ ಚರ್ಮಕ್ಕೆ ತಾಗಿಸಿ, ಆಮೇಲೆ ಡೋಸ್ ಏರಿಸಿ. ಸೆಕೆಂಡಿಗೆ 3ರಿಂದ 4 ಸೆಂ.ಮೀ. ವೇಗದಲ್ಲಿ, ಒಂದರ ಮೇಲೊಂದು ಹೊಂದುವ ಸಣ್ಣ ಸುತ್ತುಗಳಲ್ಲಿ ಓಡಿಸಿ. ಹೆಡ್ಡಿನ ಇಡೀ ಮುಖ ಚರ್ಮಕ್ಕೆ ಅಂಟಿರಬೇಕು, ಅಂಚು ಎದ್ದರೆ ಅಲ್ಲಿ ಗಾಳಿ ಹೊಕ್ಕಿತು. ಫೆಟ್‌ಲಾಕಿನ ಉಬ್ಬುತಗ್ಗಿಗೆ ದೊಡ್ಡ ಹೆಡ್ ಕೂರುವುದಿಲ್ಲ, 1 ಚದರ ಸೆಂ.ಮೀ.ನ ಸಣ್ಣ ಹೆಡ್ ಇದ್ದರೆ ತೆಗೆಯಿರಿ, ಸಮಯದ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಮತ್ತೆ ಹಾಕಿ. ಒತ್ತಡ ಚಪಾತಿ ಹಿಟ್ಟು ತಟ್ಟುವಷ್ಟು ಬೇಡ, ಕೈಗೆ ಕ್ರೀಮು ಹಚ್ಚುವಷ್ಟು ಸಾಕು.

ಕಣ್ಣು ಯಂತ್ರದ ಪರದೆಯ ಮೇಲಲ್ಲ, ಕುದುರೆಯ ಮೇಲಿರಲಿ. ಒಂದು ಸಲ ನಾನು ನಿಮಿಷ ಎಣಿಸುವುದರಲ್ಲೇ ಮುಳುಗಿದ್ದೆ. ತಲೆ ಹಿಡಿದಿದ್ದ ವಯಸ್ಸಾದ ಸೈಸ್ ಮೆಲ್ಲಗೆ "ಸಾರ್, ಇವಳು ಉಸಿರು ಹಿಡಿದವ್ಳೆ" ಎಂದ. ತಲೆಯೆತ್ತಿದೆ. ಭುಜದ ಚರ್ಮ ನೊಣ ಓಡಿಸುವ ಹಾಗೆ ಪಟಪಟ ನಡುಗುತ್ತಿತ್ತು, ಅಲ್ಲಿ ಒಂದು ನೊಣವೂ ಇರಲಿಲ್ಲ. ನನ್ನ ಹೆಡ್ ಮೂಳೆಯ ಏಣಿನ ಮೇಲೆ ನಿಂತುಬಿಟ್ಟಿತ್ತು. ಕಾಲು ಎಳೆದುಕೊಳ್ಳುವುದು, ಕಿವಿ ಹಿಂದಕ್ಕೆ ಮಲಗಿಸುವುದು, ಬಾಲ ಬೀಸುವುದು, ತಿರುಗಿ ಆ ಕಾಲನ್ನೇ ನೋಡುವುದು ಎಲ್ಲವೂ ಒಂದೇ ಮಾತು. ತಕ್ಷಣ ಹೆಡ್ ಎತ್ತಬೇಡಿ, ಮೊದಲು ಡೋಸ್ ಇಳಿಸಿ, ಜೆಲ್ ಒಣಗಿದೆಯೇ ನೋಡಿ, ಹೆಡ್ಡಿನ ಮುಖ ಮುಟ್ಟಿ ನೋಡಿ. ಬಿಸಿಯಿದ್ದರೆ ಚರ್ಮಕ್ಕೆ ಸರಿಯಾಗಿ ತಾಗುತ್ತಿಲ್ಲ ಎಂದು ಅರ್ಥ. ಎರಡನೆಯ ಸಲವೂ ಹಾಗೇ ಮಾಡಿದರೆ ಅವತ್ತಿಗೆ ಮುಗಿಸಿ.

ಹೆಡ್ ಕೂರದ ಜಾಗಕ್ಕೆ ನೀರಿನ ಬಕೆಟ್ ವಿಧಾನವೂ ಇದೆ. ನಿಮ್ಮ ಹೆಡ್ ನೀರಿನಲ್ಲಿ ಮುಳುಗಿಸಲು ಯೋಗ್ಯವೆಂದು ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ. ಬಕೆಟ್ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಇರಲಿ, ಲೋಹದ್ದು ಶಬ್ದವನ್ನು ಹಿಂದಕ್ಕೆ ಎಸೆಯುತ್ತದೆ. ನೀರು ಕುದಿಸಿ ಉಗುರುಬೆಚ್ಚಗೆ ಆರಿಸಿದ್ದಾಗಿರಲಿ. ನಲ್ಲಿ ನೀರಿನಲ್ಲಿರುವ ಗಾಳಿ ಗುಳ್ಳೆಯಾಗಿ ಚರ್ಮಕ್ಕೂ ಹೆಡ್ಡಿಗೂ ಅಂಟುತ್ತದೆ, ಆಗಾಗ ಒರೆಸಬೇಕಾಗುತ್ತದೆ. ಹೆಡ್ಡನ್ನು ಚರ್ಮದಿಂದ 1ರಿಂದ 2 ಸೆಂ.ಮೀ. ದೂರದಲ್ಲಿ, ನೇರ ಮುಖ ಮಾಡಿ ಓಡಿಸಿ. ಕೈ ನೀರಿನಲ್ಲಿ ಅದ್ದಬೇಡಿ. ಬಕೆಟ್ಟಿನಲ್ಲಿ ಕಾಲಿಟ್ಟು ನಿಲ್ಲಲು ಮೊದಲೇ ಕಲಿಸದ ಕುದುರೆಯ ಮೇಲೆ ಇದನ್ನು ಪ್ರಯೋಗಿಸಿದರೆ ಬಕೆಟ್ ಒಂದು ಕಡೆ, ಯಂತ್ರ ಒಂದು ಕಡೆ.

ಹಂತ 9: ಮುಗಿದ ಕೂಡಲೇ

ಜೆಲ್ ಪೂರ್ತಿ ಒರೆಸಿ, ಕಾಲು ಒಣಗಿಸಿ. ಒದ್ದೆ ಉಳಿದರೆ ಹಿಂಬದಿಯ ಮಡಿಕೆಯಲ್ಲಿ ಚರ್ಮ ಬಿರಿಯುತ್ತದೆ, ಮಳೆಗಾಲದಲ್ಲಂತೂ ಖಂಡಿತ. ಹಳೆಯ ಬಿಗಿದ ಕೀಲಾದರೆ ಕೊಟ್ಟ ನಂತರದ ಐದು ಹತ್ತು ನಿಮಿಷ ಬೆಲೆಬಾಳುವ ಹೊತ್ತು. ಕಾಲೆತ್ತಿ ಫೆಟ್‌ಲಾಕನ್ನು ಮೆಲ್ಲಗೆ ಮಡಿಸಿ, ಕುದುರೆ ತಡೆಯುವ ಜಾಗಕ್ಕೆ ಬಂದಾಗ ನಿಲ್ಲಿಸಿ, ಹದಿನೈದು ಇಪ್ಪತ್ತು ಸೆಕೆಂಡು ಹಿಡಿದು ಬಿಡಿ, ನಾಲ್ಕೈದು ಸಲ. ಆಮೇಲೆ ಹತ್ತು ನಿಮಿಷ ಕೈಯಲ್ಲಿ ಹಿಡಿದು ನಡೆಸಿ. ಹೊಸ ಬಾವಿಗೆ ಈ ಮಡಿಸುವ ಕೆಲಸ ಬೇಡ. ಬಿಸಿ ಇರುವಾಗಲೇ ಬ್ಯಾಂಡೇಜು ಸುತ್ತಬೇಡಿ. "ಇವತ್ತು ಚೆನ್ನಾಗಿ ನಡೀತಿದೆ" ಎಂದು ಅದೇ ಸಂಜೆ ಗ್ಯಾಲಪ್ ಓಡಿಸಿದವರ ಕುದುರೆ ಮರುದಿನ ಮತ್ತೆ ಅದೇ ಜಾಗಕ್ಕೆ ಬಂದು ನಿಂತಿರುತ್ತದೆ. ಟಾಂಗಾದವರಿಗೆ ವಿಶ್ರಾಂತಿ ಎಂದರೆ ಅವತ್ತಿನ ಅನ್ನ ಹೋದಂತೆ, ಅದು ಗೊತ್ತು. ಅವರಿಗೆ ನಾನು ಕೇಳುವುದು ಭಾರ ಮತ್ತು ಸುತ್ತು ಅರ್ಧಕ್ಕಿಳಿಸಿ ಎಂದು. ಅದೂ ಆಗದಿದ್ದರೆ ಯಂತ್ರಕ್ಕೆ ದುಡ್ಡು ಹಾಕಬೇಡಿ ಎನ್ನುತ್ತೇನೆ.

ಹಂತ 10: ಎಷ್ಟು ದಿನ, ಯಾವಾಗ ನಿಲ್ಲಿಸಬೇಕು

ಹೊಸದಕ್ಕೆ ದಿನಕ್ಕೊಮ್ಮೆ, ಹಳೆಯದಕ್ಕೆ ದಿನ ಬಿಟ್ಟು ದಿನ. ಪ್ರತಿ ಬೆಳಿಗ್ಗೆ ಟೇಪ್ ಅಳತೆ, ಐದನೆಯ ಸಲದ ನಂತರ ಮತ್ತೊಂದು ವಿಡಿಯೋ. ಅದೇ ನೆಲ, ಅದೇ ಕಡೆಯಿಂದ. ಮೊದಲ ದಿನದ್ದನ್ನೂ ಇದನ್ನೂ ಒಂದರ ಹಿಂದೆ ಒಂದು ನೋಡಿ, ಸಾಧ್ಯವಾದರೆ ಕುದುರೆಯನ್ನು ಪ್ರತಿದಿನ ನೋಡದ ಒಬ್ಬರಿಗೂ ತೋರಿಸಿ.

ಕೊಟ್ಟ ಮರುದಿನ ಬಾವು ಹೆಚ್ಚಾದರೆ ಅಥವಾ ಕುಂಟು ಜಾಸ್ತಿಯಾದರೆ ಒಂದು ದಿನ ಬಿಟ್ಟು, ಡೋಸನ್ನು ಅರ್ಧ ಮಾಡಿ. ಮತ್ತೆ ಹಾಗೇ ಆದರೆ ನಿಲ್ಲಿಸಿ ವೈದ್ಯರನ್ನು ಕರೆಯಿರಿ, ಡೋಸಿನದಲ್ಲ, ರೋಗನಿರ್ಣಯದ್ದೇ ತಪ್ಪಿರಬಹುದು. ಕಾಲು ಊರುವುದನ್ನೇ ಬಿಟ್ಟರೆ, ಜ್ವರ ಬಂದರೆ, ಕೂದಲು ತೆಗೆದ ಜಾಗದಲ್ಲಿ ಬೊಬ್ಬೆ ಎದ್ದರೆ ಅದೇ ಗಳಿಗೆಯಲ್ಲಿ ಕರೆಯಿರಿ, ಬೆಳಗಾಗಲಿ ಎನ್ನಬೇಡಿ.

ಹತ್ತು ಸಲ ಸರಿಯಾಗಿ ಕೊಟ್ಟ ಮೇಲೂ ಟೇಪಿನಲ್ಲಿ, ವಿಡಿಯೋದಲ್ಲಿ ಬದಲಾವಣೆ ಇಲ್ಲವೆಂದರೆ ಹನ್ನೊಂದನೆಯದು ಪವಾಡ ಮಾಡುವುದಿಲ್ಲ. ಅಲ್ಟ್ರಾಸೌಂಡ್ ಕೀಲಿನ ಚೀಲ, ಲಿಗಮೆಂಟುಗಳಿಗೆ ಹೆಚ್ಚು ಹೊಂದುವ ಚಿಕಿತ್ಸೆ, ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವುದಿಲ್ಲ. ಇದರ ಉಪಯೋಗದ ಬಗ್ಗೆ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದೂ ಇಲ್ಲ, ಹಾಗಾಗಿ ನಾನು ಇದನ್ನು ವಿಶ್ರಾಂತಿ, ಲಾಳದ ಸಮತೋಲ, ಔಷಧಿಗಳ ಜೊತೆಗೆ ಮಾತ್ರ ಬಳಸುತ್ತೇನೆ, ಅವುಗಳ ಬದಲಿಗೆ ಅಲ್ಲ. ಗೊರಸು ಒಂದು ಕಡೆ ಎತ್ತರವಾಗಿ ಕೀಲು ಪ್ರತಿ ಹೆಜ್ಜೆಗೂ ತಿರುಚುತ್ತಿದ್ದರೆ ಮೊದಲು ಬರಬೇಕಾದವನು ಲಾಳ ಕಟ್ಟುವವನು.

ಸ್ಪರ್ಧೆ ಹತ್ತಿರವಿದ್ದರೆ ಕೊಡುವ ಮೊದಲೇ ಅಲ್ಲಿನ ಅಧಿಕೃತ ಪಶುವೈದ್ಯರಲ್ಲಿ ನಿಯಮ ಕೇಳಿಕೊಳ್ಳಿ. ಹೆಡ್ಡನ್ನು ಸೋಪುನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ, ವೈರನ್ನು ಹೆಡ್ಡಿಗೆ ಬಿಗಿಯಾಗಿ ಸುತ್ತದೆ ಸಡಿಲ ಸುರುಳಿ ಮಾಡಿ, ಇಲಿ ಮುಟ್ಟದ ಎತ್ತರಕ್ಕೆ ನೇತುಹಾಕಿ. ಹುರುಳಿ, ಹೊಟ್ಟು ಇಡುವ ಕೋಣೆಯಲ್ಲಿ ಇಟ್ಟ ನನ್ನ ಮೊದಲ ಯಂತ್ರದ ವೈರು ಒಂದೇ ವಾರದಲ್ಲಿ ಮೂರು ತುಂಡಾಗಿತ್ತು.